ಹಗಲು ರೈಲಿಗೆ ಎರಡು ಸೀಟು

ಮಾರ್ಚ್ 3, ಸೋಮವಾರ

ಬೇಕರಿಯ ಭಟ್ಟಿ ಒಡೆಯಲು ಶುರು ಮಾಡಿದರು. ಬೆಳಿಗ್ಗೆ ಇಬ್ಬರು ಸುತ್ತಿಗೆ ಹಿಡಿದು ಬಂದರು, ಸಂಜೆಯ ಹೊತ್ತಿಗೆ ಮುಂದಿನ ಕಮಾನು ನೆಲಕ್ಕೆ ಬಿದ್ದಿತ್ತು. ಅಪ್ಪ ಕಟ್ಟಿಸಿದ ಭಟ್ಟಿ. ಒಳಗಿಂದ ಏನಾದರೂ ಹೊರಬಂದೀತು ಎಂದು ಕಾದು ನಿಂತಿದ್ದೆ, ಮಸಿ ಬಿಟ್ಟು ಏನೂ ಬರಲಿಲ್ಲ. ಊರೊಳಗೆ ಸೌದೆ ಉರಿಸಬಾರದು ಎಂದು ನಗರಸಭೆಯವರು ನೋಟೀಸು ಕೊಟ್ಟು ವರ್ಷವಾಗಿತ್ತು. ಇಷ್ಟು ದಿನ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಇನ್ನು ಕರೆಂಟಿನ ಭಟ್ಟಿ. ಅದನ್ನು ಕೂರಿಸುವ ಫಿಟ್ಟರ್ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಹುಟ್ಟಿದವನ ಹಾಗಿದ್ದಾನೆ. ನೆಲ, ಗೋಡೆ, ವೈರಿಂಗ್ ಎಲ್ಲ ಸೇರಿ ಎರಡು ತಿಂಗಳು ಎಂದ. ಅಂದರೆ ಮೂರು.

ಹದಿನೇಳನೇ ವಯಸ್ಸಿನಿಂದ ರಾತ್ರಿ ಒಂದೂವರೆಗೆ ಏಳುವವನು ನಾನು. ಹಿಟ್ಟು ನಾದಿ, ಬೆಳಕು ಹರಿಯುವ ಮುಂಚೆ ಮೊದಲ ಬ್ರೆಡ್ ಇಳಿಸಿ, ಎಂಟಕ್ಕೆ ಅಂಗಡಿಯನ್ನು ಇವಳ ಕೈಗೆ ಒಪ್ಪಿಸಿ, ಎರಡು ಬೀದಿ ದಾಟಿ ಮನೆಗೆ ಬಂದು ಮಲಗುತ್ತೇನೆ. ಇವಳು ಮಧ್ಯಾಹ್ನ ಬಂದು ಅಡುಗೆ ಮಾಡಿಟ್ಟು ಮತ್ತೆ ಅಂಗಡಿಗೆ ಹೋಗುತ್ತಾಳೆ. ಕತ್ತಲಾದ ಮೇಲೆ ಬಾಗಿಲು ಹಾಕಿ ಬಂದರೆ ಊಟ. ಆಮೇಲೆ ಇಬ್ಬರಿಗೂ ನಿದ್ದೆ, ಅವಳದು ಪೂರ್ತಿ, ನನ್ನದು ಅರ್ಧ. ಮದುವೆಯಾಗಿ ಇಪ್ಪತ್ತಾರು ವರ್ಷ ಹೀಗೇ ನಡೆದಿದೆ, ಚೆನ್ನಾಗಿಯೇ ನಡೆದಿದೆ.

ಈ ರಾತ್ರಿಯೂ ಒಂದೂವರೆಗೆ ಎಚ್ಚರವಾಯಿತು. ನಾದಲು ಏನೂ ಇಲ್ಲ. ಮೈದಾ ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಸಿಕ್ಕಿತು. ಕೈಗೆ ಏನಾದರೂ ಕೆಲಸ ಬೇಕಲ್ಲ.

ಮಾರ್ಚ್ 6, ಗುರುವಾರ

ಊಟಕ್ಕೆ ಕೂತಾಗ ಇವಳು ಹೇಳಿದಳು, "ರೀ, ಹೇಗೂ ಬೇಕರಿ ಬಂದ್ ಅಲ್ವಾ. ಎಲ್ಲಾದ್ರೂ ಹೋಗೋಣ."

"ಎಲ್ಲಿಗೆ, ನಿಮ್ಮಣ್ಣನ ಮನೆಗಾ?"

"ಯುರೋಪಿಗೆ."

ತುತ್ತು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ವಿಚಾರಿಸಿದೆ. ಗಿರಾಕಿಗಳಲ್ಲಿ ಪೋಸ್ಟ್ ಆಫೀಸಿನ ಮೇಡಂ ಒಬ್ಬರಿದ್ದಾರಂತೆ. ರಿಟೈರ್ ಆದ ಮೇಲೆ ಗಂಡನ ಜೊತೆ ಹೋಗಿ ಬಂದರಂತೆ. ಒಂದು ದೇಶದಲ್ಲಿ ರೈಲು ಹತ್ತಿದರಂತೆ, ಕಿಟಕಿ ಪಕ್ಕ ಕೂತು ಬುತ್ತಿ ಬಿಚ್ಚಿ ತಿಂದರಂತೆ, ಮಾತಾಡುತ್ತ ಮಾತಾಡುತ್ತ ನೋಡಿದರೆ ರೈಲಿನ ಡಬ್ಬಿಯಲ್ಲಿ ಅನೌನ್ಸ್ ಮಾಡುವ ಭಾಷೆಯೇ ಬದಲಾಗಿತ್ತಂತೆ. ಇನ್ನೊಂದು ದೇಶ ಬಂದುಬಿಟ್ಟಿತ್ತು.

"ಆ ಥರ," ಎಂದಳು ಇವಳು. "ವಿಮಾನದಲ್ಲಿ ಹಾರಿ, ಇಳಿದು, ಫೋಟೋ ತೆಗೆಸ್ಕೊಂಡು ಬರೋದಲ್ಲ. ರೈಲು. ಆ ಥರ ದಾಟಬೇಕು ನಾವು."

ಪಾಸ್‌ಪೋರ್ಟು ಇಬ್ಬರದೂ ಇದೆ, ಮಗಳು ಯಾವಾಗಲೋ ಮಾಡಿಸಿದ್ದು. ಖರ್ಚಿನ ಮಾತು ತೆಗೆದೆ. ಅದು ನನಗಿರಲಿ, ನೀವು ಪ್ಲಾನ್ ಮಾಡಿ ಎಂದಳು. ಇಷ್ಟನ್ನೂ ಪಿಸುದನಿಯಲ್ಲೇ ಹೇಳಿದ್ದು. ಇವಳ ದನಿಯೇ ಅಷ್ಟು. ಮದುವೆಯ ಹೊಸದರಲ್ಲಿ ನನಗೆ ಹಿಡಿಸಿದ್ದೂ ಅದೇ, ಮೆತ್ತಗಿನ ಹೆಂಗಸು ಸಿಕ್ಕಿದಳು ಎಂದು.

ಮಾರ್ಚ್ 8, ಶನಿವಾರ

ಟಿಕೆಟ್ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಒಬ್ಬಳೇ ಹುಡುಗಿ, ನಮ್ಮ ಮಗಳಿಗಿಂತ ಚಿಕ್ಕವಳು. ಗೋಡೆ ಮೇಲೆ ದೊಡ್ಡ ಭೂಪಟ, ಅದರಲ್ಲಿ ಯುರೋಪು ಎಂಬುದು ಕೈಯಿಂದ ಜಾರಿ ಬಿದ್ದು ಚೂರಾದ ಬಿಸ್ಕತ್ತಿನ ಹಾಗೆ ಕಾಣುತ್ತದೆ. ಅಷ್ಟು ದೇಶ ಅಷ್ಟು ಜಾಗದಲ್ಲಿ.

"ಅಂಕಲ್, ಹಗಲು ರೈಲೂ ಇದೆ, ರಾತ್ರಿ ರೈಲೂ ಇದೆ. ರಾತ್ರಿದರಲ್ಲಿ ಮಲಗೋಕೆ ಬರ್ತ್ ಇರುತ್ತೆ. ಹತ್ತಿ ಮಲಗಿದ್ರೆ ಬೆಳಿಗ್ಗೆ ಇನ್ನೊಂದು ದೇಶ."

ಇದಪ್ಪಾ ಮಾತು ಅಂದರೆ. ನನಗಾಗಿಯೇ ಮಾಡಿದ ಹಾಗಿದೆ. ರಾತ್ರಿ ನಾನು ಹೇಗೂ ಎಚ್ಚರವಿರುವವನು, ಸಾಮಾನು ಕಾಯುತ್ತೇನೆ. ಇವಳು ಮಲಗಲಿ. ಹಗಲು ಹೋಟೆಲಿನಲ್ಲಿ ನಾನು ನಿದ್ದೆ ತೀರಿಸಿಕೊಂಡರೆ ಆಯಿತು. ಇನ್ನೊಂದು ಅನುಕೂಲವನ್ನೂ ಹುಡುಗಿ ಹೇಳಿದಳು: ಹೆಂಗಸರಿಗೆಂದೇ ಬೇರೆ ಕೋಣೆ ಇರುತ್ತದಂತೆ. ಗೊತ್ತಿಲ್ಲದ ಗಂಡಸರ ಎದುರು ಇವಳು ಮಲಗುವುದೇನೂ ಬೇಡ. ಇವಳಿಗೆ ಹೆಂಗಸರ ಕೋಣೆ, ನನಗೆ ಆಚೆ ಡಬ್ಬಿಯಲ್ಲಿ ಒಂದು ಬರ್ತ್. ಇಷ್ಟು ನಾಜೂಕಾಗಿ ಯೋಚಿಸುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಕೇಳಬೇಕು.

ಮಾರ್ಚ್ 12, ಬುಧವಾರ

ಪ್ಲಾನ್ ಮುಗಿಯಿತು. ಆಮ್‌ಸ್ಟರ್‌ಡ್ಯಾಂನಲ್ಲಿ ಇಳಿಯುವುದು. ಅಲ್ಲಿಂದ ರಾತ್ರಿ ಹತ್ತಿ ಜ್ಯೂರಿಕ್. ಅಲ್ಲಿಂದ ರಾತ್ರಿ ಹತ್ತಿ ವಿಯೆನ್ನಾ. ಅಲ್ಲಿಂದ ರಾತ್ರಿ ಹತ್ತಿ ವೆನಿಸ್. ವೆನಿಸ್‌ನಿಂದ ವಿಮಾನ, ಮನೆ. ನಾಲ್ಕು ದೇಶ, ಒಂದು ಗಂಟೆಯೂ ಪೋಲಾಗಿಲ್ಲ. ಸಂಜೆ ಹೊತ್ತು ಊರು ನೋಡಲು ಬಿಟ್ಟಿದ್ದೇನೆ. ರಾತ್ರಿಯ ಬರ್ತುಗಳನ್ನು ಕಾಯ್ದಿರಿಸಿಯೂ ಆಯಿತು, ವೀಸಾಕ್ಕೆ ಅರ್ಜಿ ಹಾಕಿಯೂ ಆಯಿತು. ಹುಡುಗಿ ನೋಡಿ, "ಅಂಕಲ್, ನೀವೇ ಒಂದು ಟ್ರಾವೆಲ್ಸ್ ಇಡಬಹುದು" ಎಂದಳು.

ಫಿಟ್ಟರ್ ಬಂದಿದ್ದ. ಭಟ್ಟಿಯ ಜೊತೆ ಹಿಟ್ಟು ತಣ್ಣಗಿಡುವ ಪೆಟ್ಟಿಗೆಯೊಂದು ಬರುತ್ತದಂತೆ. ಸಂಜೆ ನಾದಿಟ್ಟರೆ ರಾತ್ರಿಯೆಲ್ಲ ನಿಧಾನಕ್ಕೆ ಉಬ್ಬಿ ಬೆಳಗಿನ ಜಾವಕ್ಕೆ ತಯಾರಾಗಿರುತ್ತದಂತೆ. "ನೀವು ನಾಲ್ಕೂವರೆಗೆ ಎದ್ರೆ ಸಾಕು ಯಜಮಾನ್ರೇ" ಎಂದ. ನಾಲ್ಕೂವರೆಗೆ ಎದ್ದು ಬ್ರೆಡ್ ಮಾಡುವವನನ್ನು ಬೇಕರಿಯವನು ಅನ್ನುವುದಿಲ್ಲ, ಸರ್ಕಾರಿ ನೌಕರ ಅನ್ನುತ್ತಾರೆ. ಬೇಡ ಎಂದೆ.

ಮಾರ್ಚ್ 14, ಶುಕ್ರವಾರ

ಇವಳಿಗೆ ಪ್ಲಾನ್ ತೋರಿಸಿದೆ. ಎರಡು ಸಲ ಓದಿದಳು. "ಚೆನ್ನಾಗಿದೆ" ಎಂದಳು. ಎದ್ದು ತಟ್ಟೆ ತೊಳೆಯಲು ಹೋದಳು. ಇನ್ನಷ್ಟು ಖುಷಿ ನಿರೀಕ್ಷಿಸಿದ್ದೆ.

ಮಾರ್ಚ್ 17, ಸೋಮವಾರ

ದುಡಿಯದ ಮೈಗೆ ಹಗಲು ನಿದ್ದೆ ಹತ್ತುತ್ತಿಲ್ಲ. ಮಲಗಿ ಕಣ್ಣು ಪಿಳಿಪಿಳಿ ಬಿಡುತ್ತೇನೆ. ಮನೆಯಲ್ಲಿ ಇವಳಿದ್ದಾಳೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಇವತ್ತು ಬೇಕೆಂದೇ ಕಿವಿಗೊಟ್ಟೆ. ಬಾಗಿಲ ತಿರುಗಣೆಗೆ ಎಣ್ಣೆ ಬಿಟ್ಟಿದ್ದಾಳೆ. ಚಪ್ಪಲಿ ಹೊರಗೇ ಬಿಡುತ್ತಾಳೆ. ಪಾತ್ರೆಯನ್ನು ಕಟ್ಟೆಯ ಮೇಲೆ ಇಡುವ ಮುಂಚೆ ಬಟ್ಟೆ ಹಾಸುತ್ತಾಳೆ. ಕುಕ್ಕರ್ ಇನ್ನೇನು ಕೂಗಬೇಕು ಅನ್ನುವಾಗ ಉರಿ ಸಣ್ಣ ಮಾಡುತ್ತಾಳೆ, ಬರೀ ಉಸ್ಸೆಂದು ಸುಮ್ಮನಾಗುತ್ತದೆ. ಇಷ್ಟು ವರ್ಷ ನಮ್ಮ ಕುಕ್ಕರಿನ ಸೀಟಿಯೇ ಕೆಟ್ಟಿದೆ ಎಂದುಕೊಂಡಿದ್ದೆ.

ಸಂಜೆ ನೆಲದ ಕೆಲಸ ನೋಡಲು ಬೇಕರಿಗೆ ಹೊರಟೆ. ಅಂಗಡಿಯ ಮುಂಭಾಗದಲ್ಲಿ ಅರ್ಧ ಶಟರ್ ಎತ್ತಿ ಇವಳು ಬಿಸ್ಕತ್ತು, ಬೇರೆ ಬೇಕರಿಯಿಂದ ತರಿಸಿದ ಬ್ರೆಡ್ ಮಾರುತ್ತಿದ್ದಾಳೆ, ಗಿರಾಕಿಗಳು ಕೈಬಿಟ್ಟು ಹೋಗಬಾರದಲ್ಲ. ಬೀದಿಯ ತಿರುವಿನಲ್ಲಿದ್ದಾಗಲೇ ಹೆಂಗಸೊಬ್ಬಳು ನಗುವುದು ಕೇಳಿಸಿತು. ಸಣ್ಣ ನಗುವಲ್ಲ. ಹೊಟ್ಟೆಯೊಳಗಿಂದ ಎದ್ದು ಬೀದಿಯ ಆ ತುದಿ ಮುಟ್ಟುವ ನಗು. ನಕ್ಕು, "ಹೋಗಯ್ಯಾ, ನಿನ್ನ ಮುಖಕ್ಕೆ ಕೇಕು ಬೇರೆ ಕೇಡು!" ಎಂದು ಯಾರನ್ನೋ ಛೇಡಿಸಿದಳು. ಯಾವಳಪ್ಪಾ ಈ ಗಟ್ಟಿಗಿತ್ತಿ ಎಂದುಕೊಂಡು ತಿರುವು ದಾಟಿದರೆ, ಇವಳು.

ನನ್ನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು, "ಯಾಕ್ರೀ, ನಿದ್ದೆ ಬರಲಿಲ್ವಾ?" ಎಂದು ಪಿಸುಗುಟ್ಟಿದಳು.

ನೆಲ ನೋಡಿಕೊಂಡು ಬಂದೆ. ಕೆಲಸ ನಿಧಾನವಾಗಿದೆ.

ಮಾರ್ಚ್ 19, ಬುಧವಾರ

"ನೀವೇ ಹೋಗ್ಬನ್ನಿ, ನಾನು ಬರಲ್ಲ" ಎಂದಳು. ಹಿಂದಿಲ್ಲ ಮುಂದಿಲ್ಲ.

"ಯಾಕೆ? ಆಸೆಪಟ್ಟವಳು ನೀನೇ ಅಲ್ವೇನೇ?"

ಪ್ಲಾನ್ ತಂದು ನನ್ನ ಮುಂದೆ ಹರಡಿದಳು. "ಇದರಲ್ಲಿ ನಾವಿಬ್ರೂ ಎಚ್ಚರವಾಗಿ ಒಟ್ಟಿಗೆ ಇರೋದು ಯಾವಾಗ, ತೋರಿಸಿ."

ಬೆರಳಿಟ್ಟು ಹುಡುಕಿದೆ. ಸಂಜೆ ಊರು ನೋಡುವುದು ಇತ್ತು. ಅದನ್ನು ತೋರಿಸಿದೆ.

"ಅದೂ ಇಲ್ಲಿ ಊಟದ ಹೊತ್ತು ಇದ್ದ ಹಾಗೇ ಅಲ್ವಾ," ಎಂದಳು. "ರಾತ್ರಿ ನಾನೊಂದು ಡಬ್ಬಿ, ನೀವೊಂದು ಡಬ್ಬಿ. ಹಗಲು ನೀವು ಮಲಗ್ತೀರಿ, ನಾನು ಗೋಡೆ ನೋಡ್ತೀನಿ. ಇದಕ್ಕೆ ನಾಲ್ಕು ದೇಶ ಯಾಕ್ರೀ ಬೇಕು? ನಮ್ಮನೇಲಿ ಏನು ಕಡಿಮೆ ಇದೆ?"

ಜಗಳವೂ ಪಿಸುದನಿಯಲ್ಲೇ. ಪಕ್ಕದ ಮನೆಯವರು ಗೋಡೆಗೆ ಕಿವಿ ಹಚ್ಚಿದರೂ ಏನೂ ಕೇಳಿಸುತ್ತಿರಲಿಲ್ಲ. ಹಗಲು ರೈಲಿನಲ್ಲಿ ಎದುರುಬದುರು ಕೂತು ಹೋಗೋಣ ಎಂದಳು. ಒಂದೊಂದು ಪ್ರಯಾಣ ಎಂಟು ಗಂಟೆ. ನನಗೆ ಗಾಬರಿಯಾಯಿತು, ಸುಳ್ಳು ಯಾಕೆ ಬರೆಯಲಿ. ಬಾಯಿ ತಪ್ಪಿ ಅಂದುಬಿಟ್ಟೆ: "ಅಷ್ಟು ಹೊತ್ತು ಎದ್ದು ಕೂತು ನಿನ್ನ ಜೊತೆ ಏನು ಮಾಡಲಿ?"

ಅವಳು ಪ್ಲಾನ್ ಮಡಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಂಡಿದ್ದೂ ಸದ್ದಾಗದ ಹಾಗೆ.

ಕೇಳಬಾರದ ಪ್ರಶ್ನೆಯೇನಲ್ಲ. ಯಾರಿಗಾದರೂ ಬರುವ ಪ್ರಶ್ನೆಯೇ.

ಮಾರ್ಚ್ 20, ಗುರುವಾರ

ಮಾತಿಲ್ಲ. ಊಟ ಹಾಕಿಟ್ಟಿದ್ದಳು.

ಮಾರ್ಚ್ 22, ಶನಿವಾರ

ಮಾತಿಲ್ಲ. ವೀಸಾ ಹಾಕಿದ ಪಾಸ್‌ಪೋರ್ಟು ಬಂತು, ಇಬ್ಬರದೂ. ಮೇಜಿನ ಮೇಲೆ ಇಟ್ಟೆ. ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಿದ್ದಾಳೆ.

ಮಾರ್ಚ್ 23, ಭಾನುವಾರ

ಮಗಳು ಬಂದಿದ್ದಳು. ಅಮ್ಮನ ಮುಖ ನೋಡಿಯೇ ವಿಷಯ ಹಿಡಿದಳು. ಅವಳಮ್ಮ ಅಂಗಡಿಗೆ ಹೋದ ಮೇಲೆ ನನ್ನ ಎದುರು ಕುರ್ಚಿ ಎಳೆದುಕೊಂಡಳು. ಅವಳೂ ಮೆತ್ತಗೇ ಮಾತಾಡುವುದು. ಆಫೀಸಿನಲ್ಲಿ ಅವಳನ್ನು ಎಲ್ಲರೂ ಮ್ಯೂಟು ಅಂತಲೇ ಕರೆಯುತ್ತಾರಂತೆ.

"ಅಪ್ಪ, ಚಿಕ್ಕವಳಿದ್ದಾಗ ನನಗೆ ಬಂದ ಮೊದಲನೇ ಮಾತು ಯಾವುದು ಗೊತ್ತಾ?"

"ಅಪ್ಪ ಅಂತಲಾ?"

"ಶ್ ಅಂತ."

ನಕ್ಕಳು. ನಾನೂ ನಕ್ಕೆ. ಆಮೇಲೆ ಒಂದೊಂದೇ ಹೇಳಿದಳು. ಕರೆಗಂಟೆಯ ಒಳಗೆ ಬಟ್ಟೆ ತುರುಕಿದೆಯಂತೆ, ಅದು ಬರೀ ಗೊರ್ ಅನ್ನುತ್ತದೆ, ನಾನು ಗಮನಿಸಿಯೇ ಇಲ್ಲ. ತನ್ನ ಗೆಳತಿಯರು ಯಾರೂ ಮನೆಗೆ ಬರುತ್ತಿರಲಿಲ್ಲವಂತೆ, ಅಪ್ಪ ಮಲಗಿದ್ದಾರೆ ಎಂದು. ಎರಡನೇ ಕ್ಲಾಸಿನಲ್ಲಿ ಕೈ ಮುರಿದುಕೊಂಡ ದಿನ ಅಮ್ಮ ಮಗಳ ಬಾಯಿಗೆ ಟವೆಲ್ ಒತ್ತಿಕೊಂಡು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಳಂತೆ. ಸಂಜೆ ನಾನು ಎದ್ದಾಗ ಕೈಗೆ ಪ್ಲಾಸ್ಟರ್ ಇತ್ತು. ಅದು ನನಗೂ ನೆನಪಿದೆ. ಯಾಕೆ ಎಬ್ಬಿಸಲಿಲ್ಲ ಎಂದು ಆವತ್ತು ಕೇಳಿದ್ದೆನೋ ಇಲ್ಲವೋ ನೆನಪಿಲ್ಲ. ನಿದ್ದೆಗೆಟ್ಟರೆ ನನಗೆ ಸಿಡುಕು ಜಾಸ್ತಿ, ಅದು ನಿಜ. ಒಂದೆರಡು ಸಲ ಪಾತ್ರೆ ಎಸೆದದ್ದೂ ಉಂಟು, ಮೊದಮೊದಲು.

"ಬೈಯೋಕೆ ಹೇಳ್ತಿಲ್ಲಪ್ಪಾ," ಎಂದಳು ಮಗಳು. "ನೀವಿಬ್ರೂ ಒಂದು ದಿನ ಇಲ್ಲೇ ಎಲ್ಲಾದ್ರೂ ಹಗಲು ರೈಲಲ್ಲಿ ಹೋಗಿ ಬನ್ನಿ. ಆಗುತ್ತಾ ನೋಡಿ. ಆಗಲಿಲ್ಲ ಅಂದ್ರೆ ಅಷ್ಟು ದೂರ ಯಾಕೆ ಹೋಗ್ತೀರಿ?"

ಅಮ್ಮನನ್ನು ಒಪ್ಪಿಸುವುದು ಅವಳ ಜವಾಬ್ದಾರಿ ಎಂದೆ. ಒಪ್ಪಿಸಿದಳು.

ಮಾರ್ಚ್ 29, ಶನಿವಾರ

ಹಗಲು ಎಚ್ಚರವಿರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಅಭ್ಯಾಸ ಅನ್ನುವುದು ದೊಡ್ಡ ಮಾತು. ಬ್ಯಾಂಕಿನ ಬೆಂಚಿನ ಮೇಲೆ ಮಲಗಿಬಿಟ್ಟೆ. ಕ್ಷೌರದ ಕುರ್ಚಿಯಲ್ಲಿ ಮಲಗಿದೆ, ಎದ್ದಾಗ ಮೀಸೆ ಇರಲಿಲ್ಲ. "ಕೇಳಿದೆ, ಹೂಂ ಅಂದ್ರಲ್ಲ" ಎಂದ ಕ್ಷೌರಿಕ. ಇವಳು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ನಕ್ಕಿರಬೇಕು. ಸದ್ದು ಬರಲಿಲ್ಲ.

ಏಪ್ರಿಲ್ 2, ಬುಧವಾರ

ರೈಲಿಗೆ ಹೋಗಿ ಬಂದೆವು. ಕೊನೆಯ ಸ್ಟೇಷನ್ನಿನವರೆಗೆ, ಅಲ್ಲಿಂದ ಅದೇ ರೈಲಿನಲ್ಲಿ ವಾಪಸ್ಸು.

ಕಿಟಕಿ ಪಕ್ಕ ಎದುರುಬದುರು ಸೀಟು. ಇವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಮೊದಲ ಅರ್ಧ ಗಂಟೆ ಇಬ್ಬರೂ ಹೊರಗೆ ನೋಡಿದೆವು. ಹೊಲ, ಗೋದಾಮು, ಒಣಹಾಕಿದ ಬಟ್ಟೆ. ನಾನು ಎರಡು ಟೀ ಕುಡಿದು ಎಚ್ಚರವಾಗಿದ್ದೆ. ಹೊಸ ಭಟ್ಟಿಯ ವಿಷಯ ಹೇಳಿದೆ. ಅದು ಮುಗಿದ ಮೇಲೆ ಈಸ್ಟಿನ ವಿಷಯ ಹೇಳಿದೆ. ಅದೂ ಮುಗಿಯಿತು.

ಆಮೇಲೆ ಇವಳು ಏನೋ ಹೇಳತೊಡಗಿದಳು. ತುಟಿ ಆಡುವುದು ಕಾಣುತ್ತಿತ್ತು. ರೈಲಿನ ಗಡಗಡದಲ್ಲಿ ಒಂದಕ್ಷರವೂ ಕೇಳಲಿಲ್ಲ.

"ಏನು?"

ಮತ್ತೆ ಹೇಳಿದಳು. ರಸ್ಕು ಎಂಬ ಒಂದು ಪದ ಸಿಕ್ಕಿತು.

"ಗಟ್ಟಿಯಾಗಿ ಹೇಳೇ, ಕೇಳ್ತಿಲ್ಲ."

ಅವಳು ಉಸಿರೆಳೆದುಕೊಂಡಳು. ಕುತ್ತಿಗೆಯ ನರ ಉಬ್ಬಿತು. ಬಂದದ್ದು ಅದೇ ಪಿಸುದನಿ. ಇವಳ ಪಕ್ಕದಲ್ಲಿ ಒಬ್ಬರು ಅಜ್ಜಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಇಷ್ಟು ಹೊತ್ತು ಕತ್ತು ಚಾಚಿದ್ದವರು, ತಾಳ್ಮೆಗೆಟ್ಟು ಹೇಳಿದರು: "ಅಮ್ಮಾ, ಸ್ವಲ್ಪ ಜೋರಾಗಿ ಹೇಳ್ಬಾರ್ದಾ? ನನಗೂ ಕೇಳ್ಬೇಕು!"

ಇವಳು ಅಜ್ಜಿಯ ಕಡೆ ತಿರುಗಿದಳು. ತಿರುಗಿದ್ದೇ ತಡ, ಬೀದಿಯಲ್ಲಿ ಕೇಳಿದ್ದ ಆ ದನಿ ಬಂದುಬಿಟ್ಟಿತು, ನಲ್ಲಿ ತಿರುಗಿಸಿದ ಹಾಗೆ. "ಏನಿಲ್ಲ ಅಜ್ಜೀ, ನಮ್ಮಂಗಡಿಗೆ ಒಬ್ರು ಗಂಡ ಹೆಂಡತಿ ಬರ್ತಾರೆ. ಗಂಡ ಬೆಳಿಗ್ಗೆ ಬಂದು ರಸ್ಕ್ ತಗೊಂಡು ಹೋಗ್ತಾನೆ. ಅವನು ಕೆಲಸಕ್ಕೆ ಹೋದ್ಮೇಲೆ ಹೆಂಡತಿ ಬಂದು ಅದೇ ರಸ್ಕ್ ವಾಪಸ್ ಕೊಟ್ಟು ಬನ್ ತಗೊಂಡು ಹೋಗ್ತಾಳೆ. ಎರಡು ವರ್ಷದಿಂದ! ದಿನಾ ತಾನು ರಸ್ಕೇ ತಿಂತಿದೀನಿ ಅಂತ ಅವನು ತಿಳ್ಕೊಂಡಿದಾನಾ, ಇಲ್ಲ ಗೊತ್ತಿದ್ದೂ ಸುಮ್ನಿದಾನಾ, ನಂಗಂತೂ ಅರ್ಥ ಆಗಿಲ್ಲ!" ಅಜ್ಜಿ ಬಿದ್ದು ಬಿದ್ದು ನಕ್ಕರು. ಇವಳೂ ನಕ್ಕಳು. ಆಚೆ ಸೀಟಿನವರೂ ನಕ್ಕರು. ಕೈ ಆಡಿಸುತ್ತ, ಆ ಗಂಡನ ನಡಿಗೆ ತೋರಿಸುತ್ತ, ಇನ್ನೂ ಎರಡು ಕಥೆ ಹೇಳಿದಳು. ಎದುರಿಗೆ ಕೂತು ನಾನೂ ಕೇಳಿದೆ. ಒಳ್ಳೆಯ ಮಾತುಗಾತಿ. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿದೆ ಅವಳಿಗೆ.

ಅಜ್ಜಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದರು. ಇವಳು ನನ್ನ ಕಡೆ ತಿರುಗಿದಳು, ಬಾಯಿ ತೆರೆದಳು. ಮತ್ತೆ ಅದೇ ಪಿಸಪಿಸ.

"ಈಗ ಬಂತಲ್ಲೇ ದನಿ? ನನ್ನ ಹತ್ರ ಯಾಕೆ ಬರಲ್ಲ?"

ಮುಂದಕ್ಕೆ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು. "ಬೇಕಂತ ಮಾಡ್ತಿಲ್ಲ ರೀ. ನಿಮ್ಮ ಮುಖ ನೋಡಿದ್ರೆ ತಾನಾಗೇ ಇಳಿದುಬಿಡುತ್ತೆ. ಏನು ಮಾಡಿದ್ರೂ ಬರಲ್ಲ."

ವಾಪಸ್ಸು ಬರುವಾಗ ಹೇಳಿದಳು, ಯುರೋಪು ಬೇಡ ಬಿಡಿ, ಅಷ್ಟು ದೂರ ಹೋಗಿ ಪಿಸಪಿಸ ಅನ್ನುವುದಕ್ಕೆ ಇಲ್ಲೇ ಇರೋಣ ಎಂದು. ಕೋಪದಿಂದ ಹೇಳಲಿಲ್ಲ. ಕೋಪವಿದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಸಂಕಟವಾಯಿತು. ಇದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಸ್ಕ್ರೂ ಬಿಚ್ಚಿ ಕರೆಗಂಟೆಯೊಳಗಿನ ಬಟ್ಟೆ ತೆಗೆದೆ. ಮಗಳ ಹಳೇ ಲಂಗದ ತುಂಡು. ಒತ್ತಿ ನೋಡಿದೆ. ಇವಳು ಗಾಬರಿಬಿದ್ದು ಸೌಟು ಹಿಡಿದುಕೊಂಡೇ ಓಡಿ ಬಂದಳು.

ಮಧ್ಯಾಹ್ನ ಕುಕ್ಕರಿನ ಉರಿ ಸಣ್ಣ ಮಾಡಲು ಹೋದವಳ ಕೈ ಹಿಡಿದೆ. ಕೂಗಿತು. ಏನು ಗಂಟಲಪ್ಪಾ ಅದಕ್ಕೆ! ಎರಡನೇ ಸೀಟಿಗೂ ಇಬ್ಬರೂ ಕಾದು ನಿಂತೆವು. ಸೀಟಿ ಕೆಟ್ಟಿರಲಿಲ್ಲ.

"ಅನ್ನ ಮುದ್ದೆಯಾಗುತ್ತೆ, ಕೈ ಬಿಡಿ" ಎಂದಳು. ಪಿಸುದನಿಯಲ್ಲಿ.

ಏಪ್ರಿಲ್ 9, ಬುಧವಾರ

ರಾತ್ರಿ ಪೂರ್ತಿ ನಿದ್ದೆ ಬರುತ್ತಿದೆ. ಹಗಲು ಇವಳ ಜೊತೆ ಅಂಗಡಿಯಲ್ಲಿ ನಿಲ್ಲುತ್ತೇನೆ. ನಾನು ಮಾಡಿದ ಬ್ರೆಡ್ ತಿಂದವರ ಮುಖಗಳನ್ನು ಈಗ ನೋಡುತ್ತಿದ್ದೇನೆ. ರಸ್ಕಿನ ಗಂಡ ಬಂದಿದ್ದ. ರಸ್ಕು ಕೊಟ್ಟು ನಾನೂ ತುಟಿಪಿಟಕ್ಕೆನ್ನಲಿಲ್ಲ. ಅವನ ಹೆಂಡತಿ ಬಂದಾಗ ಇವಳು ನನ್ನ ಕಡೆ ನೋಡಿದಳು, ನಾನು ಇವಳ ಕಡೆ ನೋಡಿದೆ. ಆಮೇಲೆ ನಗು ತಡೆಯಲು ಇಬ್ಬರೂ ಬಗ್ಗಿ ಡಬ್ಬಿ ಜೋಡಿಸಿದೆವು.

ನಾನು ಹತ್ತಿರವಿದ್ದರೆ ಗಿರಾಕಿಗಳ ಹತ್ತಿರವೂ ಇವಳ ದನಿ ಇಳಿಯುತ್ತದೆ. ಅದನ್ನು ಕಂಡು ಆಗಾಗ ಆಚೆ ಹೋಗಿ ನಿಲ್ಲುತ್ತೇನೆ.

ಏಪ್ರಿಲ್ 12, ಶನಿವಾರ

ಬೇಕರಿಯ ಹಿಂದಿನ ಕೋಣೆಯ ನೆಲಕ್ಕೆ ಹೊಸದಾಗಿ ಸಿಮೆಂಟು ಹಾಕಿದ್ದರು. ನನಗೆ ಗೊತ್ತಿರಲಿಲ್ಲ. ಟ್ರೇಗಳನ್ನು ಎದೆಯ ಎತ್ತರಕ್ಕೆ ಪೇರಿಸಿಕೊಂಡು ಪಕ್ಕದ ಬಾಗಿಲಿನಿಂದ ಒಳಗೆ ಹೊರಟೆ. ಇವಳು ರಸ್ತೆಯ ಆಚೆ ಟೈಲರ್ ಅಂಗಡಿಯ ಮುಂದೆ ನಿಂತಿದ್ದಳು.

"ರೀ! ಅಲ್ಲಿ ಕಾಲಿಡಬೇಡ್ರೀ! ಕಣ್ಣು ಕಾಣಲ್ವಾ ನಿಮಗೆ!"

ಇಡೀ ಬೀದಿ ನಿಂತು ನೋಡಿತು. ನಾನೂ ತಿರುಗಿ ನೋಡಿದೆ, ತಿರುಗುವ ಭರದಲ್ಲಿ ಕಾಲಿಟ್ಟೇಬಿಟ್ಟೆ. ಹಿಮ್ಮಡಿ ಮುಳುಗುವಷ್ಟು ಸಿಮೆಂಟು. ಟ್ರೇಗಳು ಒಂದರ ಹಿಂದೊಂದು ಹೋದವು. ಟೈಲರ್ ಹೊಲಿಗೆ ಬಿಟ್ಟು ಎದ್ದು ಬಂದ.

ಇವಳ ಕೈ ಬಾಯಿಗೆ ಹೋಗಿತ್ತು. ಮುಖ ಬಿಳಿಚಿಕೊಂಡಿತ್ತು. ನಾನು ಪಾತ್ರೆ ಎಸೆದಿದ್ದ ದಿನಗಳು ಅವಳಿಗೆ ನೆನಪಾದವೋ ಏನೋ.

"ಇನ್ನೊಂದ್ಸಲ ಬೈಯಿ" ಎಂದೆ, ಅಲ್ಲೇ ಸಿಮೆಂಟಿನಲ್ಲಿ ನಿಂತು.

"ಏನು?"

"ಕೇಳಿಸ್ತು ನನಗೆ. ಚೆನ್ನಾಗಿ ಕೇಳಿಸ್ತು. ಇನ್ನೊಂದ್ಸಲ."

ನನ್ನನ್ನೇ ದಿಟ್ಟಿಸಿದಳು. ಆಮೇಲೆ ರಸ್ತೆ ದಾಟುತ್ತಲೇ ಶುರುಮಾಡಿದಳು. "ಥೂ, ಏನ್ ಮನುಷ್ಯರ್ರೀ ನೀವು! ಮೈದಾ ಮೂಟೆ ಥರ ನಿಂತಿದೀರಲ್ಲ, ಕಾಲು ತೆಗೀರಿ ಮೊದ್ಲು! ಗಟ್ಟಿಯಾದ್ರೆ ಭಟ್ಟಿ ಜೊತೆ ನಿಮ್ಮನ್ನೂ ಇಲ್ಲೇ ಫಿಟ್ ಮಾಡ್ಬೇಕಾಗುತ್ತೆ!" ಮುಖಕ್ಕೆ ಮುಖ ಕೊಟ್ಟೇ ಹೇಳಿದಳು. ದನಿ ಇಳಿಯಲಿಲ್ಲ. ಕಾಲು ತೊಳೆಯುವವರೆಗೂ ಬೈದಳು.

ರಾತ್ರಿಯ ಊಟ ರುಚಿಯಾಗಿತ್ತು. ಉಪ್ಪಿನ ಡಬ್ಬಿ ಪಾಸ್‌ಪೋರ್ಟಿನ ಮೇಲಿಂದ ಅಡುಗೆಕಟ್ಟೆಗೆ ಹೋಗಿದೆ.

ಏಪ್ರಿಲ್ 15, ಮಂಗಳವಾರ

ಸಿಮೆಂಟಿನಲ್ಲಿದ್ದ ನನ್ನ ಹೆಜ್ಜೆಯನ್ನು ಮುಚ್ಚಬೇಕಾಯಿತೆಂದು ಫಿಟ್ಟರ್ ಮೂಗು ಮುರಿದ. ಹಿಟ್ಟು ತಣ್ಣಗಿಡುವ ಪೆಟ್ಟಿಗೆಯೂ ಇರಲಿ ಎಂದು ಹೇಳಿದೆ. ರುಚಿ ಹೇಗೆ ಬರುತ್ತದೋ ನೋಡಬೇಕು. ಜಾಗವಿತ್ತು, ಅದಕ್ಕೇ ಹೇಳಿದ್ದು.

ಏಪ್ರಿಲ್ 17, ಗುರುವಾರ

ಟಿಕೆಟ್ ಅಂಗಡಿಗೆ ಈ ಸಲ ಇಬ್ಬರೂ ಹೋದೆವು. ರಾತ್ರಿಯ ಬರ್ತುಗಳನ್ನು ರದ್ದು ಮಾಡು ಎಂದೆ. ಹುಡುಗಿಗೆ ಬೇಸರವಾಯಿತು. "ಎಷ್ಟು ಚೆನ್ನಾಗಿತ್ತಲ್ಲ ಅಂಕಲ್ ಆ ಪ್ಲಾನು?"

"ಅದರಲ್ಲಿ ಒಂದು ತಪ್ಪಿತ್ತಮ್ಮ. ಹಗಲು ರೈಲು ಹಾಕು. ಕಿಟಕಿ ಪಕ್ಕ ಎರಡು ಸೀಟು, ಎದುರುಬದುರು."

ಒಂದೊಂದೇ ಹಾಕುತ್ತ ಬಂದಳು. ಮೊದಲ ರೈಲಿಗೆ ಸಿಕ್ಕಿತು. ಜ್ಯೂರಿಕ್‌ನಿಂದ ವಿಯೆನ್ನಾಕ್ಕೆ ಹೋಗುವ ರೈಲಿಗೆ ಬಂದಾಗ ಅವಳ ಮುಖ ಅರಳಿತು. "ಅಂಕಲ್, ಇದರಲ್ಲಿ ಸದ್ದಿಲ್ಲದ ಡಬ್ಬಿ ಅಂತ ಒಂದಿದೆ. ಅಲ್ಲಿ ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ, ಫೋನೂ ಇಲ್ಲ. ನಿಮಗೆ ನಿದ್ದೆಗೆ ಒಳ್ಳೇದು. ಎದುರುಬದುರು ಸೀಟೂ ಖಾಲಿ ಇದೆ. ಹಾಕ್ಲಾ?"

ಇವಳು ಆಗಲೇ ತಲೆಯಾಡಿಸಿದ್ದಳು. ಹಾಕು ಎಂದು ಹೇಳಲು ಬಾಯಿಯೂ ತೆರೆದಿದ್ದಳು, ನನ್ನ ನಿದ್ದೆಯ ವಿಷಯ ಬಂದರೆ ಇವಳಿಗೆ ಯೋಚನೆಯೇ ಬೇಡ.

"ಬೇಡಮ್ಮ," ಎಂದೆ. "ಬೇರೆ ಡಬ್ಬೀಲಿ ನೋಡು. ಇವಳದು ದೊಡ್ಡ ಗಂಟಲು."

ಹುಡುಗಿ ಇವಳ ಮುಖ ನೋಡಿದಳು. ಇವಳು ನನ್ನ ಮುಖ ನೋಡಿದಳು. ನಕ್ಕುಬಿಟ್ಟಳು, ಬಾಯಿಗೆ ಕೈ ಅಡ್ಡ ಹಿಡಿಯದೆ. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ತಿರುಗಿದರು. ಹುಡುಗಿ ಬೇರೆ ಡಬ್ಬಿಯಲ್ಲಿ ಹುಡುಕಿ ಎರಡು ಸೀಟು ಹಾಕಿದಳು, ಬಾಗಿಲಿಗೆ ಹತ್ತಿರ, ಜನರ ಓಡಾಟ ಇರುತ್ತದೆ ಎಂದಳು. ಇರಲಿ ಎಂದೆ.

ಹೊರಗೆ ಬಂದು ಬಸ್ಸಿಗೆ ನಿಂತೆವು. ಇವಳು ಟಿಕೆಟುಗಳನ್ನು ಚೀಲಕ್ಕೆ ಹಾಕಿ, ತೆಗೆದು ನೋಡಿ, ಮತ್ತೆ ಹಾಕಿದಳು. ಏನೋ ಕೊರೆಯುತ್ತಿತ್ತು ಅವಳಿಗೆ.

"ಅಲ್ಲಾ ರೀ," ಎಂದಳು, ಬಸ್‌ಸ್ಟಾಪಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ. "ಎಂಟು ಗಂಟೆ ದಾರಿ. ನಾನು ಮಾತಾಡ್ತಾನೇ ಇರ್ತೀನಿ. ನಡುವೆ ನಿಮಗೆ ನಿದ್ದೆ ಬಂದುಬಿಟ್ರೆ ಏನು ಮಾಡ್ಲಿ?"

"ಎಬ್ಬಿಸು" ಎಂದೆ.